ವಾಲ್ವ್ ಬಿಚ್ಚುವ ಮುನ್ನ

ದೆಹಲಿಯ ಮೇ ತಿಂಗಳನ್ನೋ ಚೆನ್ನೈಯ ಅಗ್ನಿನಕ್ಷತ್ರದ ದಿನಗಳನ್ನೋ ದಾಟಬೇಕಾದ ನಮಗೆ ಕಾರಿನ ಏಸಿ ಈಗ ಐಷಾರಾಮವಾಗಿ ಉಳಿದಿಲ್ಲ. ಆ ತಂಪಿನ ಮೂಲ ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಸಣ್ಣ ಬಿಡಿಭಾಗ. ಅಧಿಕ ಒತ್ತಡದ ದ್ರವವು ಅದರ ಕಿರುರಂಧ್ರದಲ್ಲಿ ನುಸುಳಿದೊಡನೆ ಒತ್ತಡ ಕುಸಿಯುತ್ತದೆ. ದ್ರವ ಆವಿಯಾಗುತ್ತ ಶಾಖವನ್ನು ಹೀರಿಕೊಳ್ಳುತ್ತದೆ. ವಾಲ್ವ್ ಕಟ್ಟಿಕೊಂಡರೆ ಅದನ್ನು ಬಿಚ್ಚಿ ಬದಲಿಸಬೇಕು. ಬೋಲ್ಟಿಗೆ ಕೈಹಾಕುವ ಮುನ್ನ ಕೊಳವೆಗಳಲ್ಲಿರುವ ಅನಿಲವನ್ನು ಯಂತ್ರದಿಂದ ಸಿಲಿಂಡರಿಗೆ ತುಂಬಿಕೊಳ್ಳುವುದು ಸರಿಯಾದ ಕ್ರಮ. ಈ ಕ್ರಮಕ್ಕೊಂದು ಇತಿಹಾಸವಿದೆ.

ಅಮೆರಿಕದ ಪ್ಯಾಕರ್ಡ್ ಕಂಪನಿಯು 1940ರ ಮಾದರಿಯ ಕಾರುಗಳಿಗೆ ಏಸಿ ಅಳವಡಿಸಿದಾಗ ಅದು ಡಿಕ್ಕಿಯ ಬಹುಪಾಲನ್ನು ಆಕ್ರಮಿಸಿತ್ತು. ಕಂಪ್ರೆಸರ್ ನಿಲ್ಲಿಸಲು ಬೆಲ್ಟನ್ನೇ ಕಳಚಬೇಕಿತ್ತು. ಮುಂದೆ ದಶಕಗಳ ಕಾಲ ಕಾರುಗಳಲ್ಲಿ ಬಳಕೆಯಾದದ್ದು ಫ್ರಿಯಾನ್ ಎಂದು ಹೆಸರಾದ ಆರ್-12. 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಸಿದ್ಧಪಡಿಸಿದ ಈ ಬಗೆಯ ಅನಿಲಗಳು ಉರಿಯುತ್ತಿರಲಿಲ್ಲ, ಉಸಿರಾಡಿದವರನ್ನು ಸುಲಭವಾಗಿ ಕೊಲ್ಲುತ್ತಲೂ ಇರಲಿಲ್ಲ. ಆದ್ದರಿಂದ ದುರಸ್ತಿಯ ವೇಳೆ ಅದನ್ನು ಗಾಳಿಗೆ ಬಿಡುವುದು ವಾಡಿಕೆಯಾಯಿತು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ಆ ನಂಬಿಕೆಯನ್ನು ಅಲುಗಿಸಿದರು. ಯಾವುದರೊಡನೆಯೂ ಸುಲಭವಾಗಿ ಬೆರೆಯದ ಈ ಅನಿಲ ನಾಶವಾಗದೆ ಮೇಲೇರುತ್ತದೆ; ಅಲ್ಲಿ ಸೂರ್ಯನ ಅತಿನೇರಳೆ ಕಿರಣಗಳಿಗೆ ಸಿಕ್ಕು ಕ್ಲೋರಿನ್ ಹೊರಚೆಲ್ಲಿ ಓಝೋನನ್ನು ಕರಗಿಸುತ್ತದೆ. ನಾವು ಯಾವ ಸ್ಥಿರತೆಯನ್ನು ಸುರಕ್ಷತೆಯೆಂದು ಭಾವಿಸಿದ್ದೆವೋ ಅದೇ ಅಪಾಯದ ಬೇರಾಗಿತ್ತು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ಕ್ಷಯ ವರದಿಯಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಮೂಡಿತು. ಭಾರತ 1992ರಲ್ಲಿ ಅದನ್ನು ಸೇರಿತು. ಅದೇ ವರ್ಷದ ಜುಲೈಯಿಂದ ಅಮೆರಿಕದಲ್ಲಿ ಇಂತಹ ಅನಿಲವನ್ನು ಬೇಕೆಂದೇ ಗಾಳಿಗೆ ಬಿಡುವುದು ನಿಷಿದ್ಧವಾಯಿತು.

ಆರ್-12ರ ಸ್ಥಾನಕ್ಕೆ ಬಂದ ಆರ್-134ಎ ಓಝೋನನ್ನು ಕೆಡಿಸದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಅದು ಇಂಗಾಲದ ಡೈಆಕ್ಸೈಡಿನ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡಬಲ್ಲದು. ಆದಕಾರಣ 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು. 2021ರಲ್ಲಿ ಭಾರತ ಅದನ್ನು ಅನುಮೋದಿಸಿತು.

ಒಪ್ಪಂದಗಳಿಗೆ ಸಹಿ ಹಾಕುವುದು ಸರ್ಕಾರಗಳು. ಅವು ಉಳಿಯುವುದೋ ಅಳಿಯುವುದೋ ನಿರ್ಧಾರವಾಗುವುದು ರಸ್ತೆಬದಿಯ ಗ್ಯಾರೇಜುಗಳಲ್ಲಿ. ಸಡಿಲಿಸಿದ ಬೋಲ್ಟಿನಿಂದ ‘ಬುಸ್’ ಎಂದು ಹೊರಬೀಳುವ ಅನಿಲ ಕಣ್ಣಿಗೆ ಕಾಣದು, ಬಿಲ್ಲಿನಲ್ಲಿಯೂ ನಮೂದಾಗದು. ಅದನ್ನು ಹಿಡಿದು ಶುದ್ಧೀಕರಿಸಿದರೆ ಮತ್ತೆ ಬಳಸಬಹುದು. ಕೂಲಿಯ ಜೊತೆಗೆ ಈ ಕೆಲಸದ ಬೆಲೆಯನ್ನೂ ತೆರಲು ನಾವು ಸಿದ್ಧರಿರಬೇಕು. ನಮ್ಮ ಕಾರಿನೊಳಗಿನ ತಂಪು ಹೊರಗಿನ ಬೇಗೆಯನ್ನು ಹೆಚ್ಚಿಸಬಾರದಲ್ಲವೆ?