ಭಾರತೀಯ ಪ್ರಮಾಣ ಸಮಯ
ಪೂರ್ವ ರೇಖಾಂಶ 82°30′ ಅನ್ನು ಆಧರಿಸಿ ಭಾರತವಿಡೀ ಪಾಲಿಸುವ ಗಡಿಯಾರದ ವೇಳೆ. ಭೂಮಿ 24 ಗಂಟೆಯಲ್ಲಿ 360° ತಿರುಗುವುದರಿಂದ ಪ್ರತಿ ಡಿಗ್ರಿಗೆ 4 ನಿಮಿಷ, 15 ಡಿಗ್ರಿಗೆ ಒಂದು ಗಂಟೆ ವ್ಯತ್ಯಾಸ. ಆದ್ದರಿಂದ ಮಿರ್ಜಾಪುರದ ಬಳಿ ಹಾಯುವ ಈ ರೇಖೆಯ ವೇಳೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. 1906ರಲ್ಲಿ ಜಾರಿಗೆ ಬಂದರೂ ಕಲ್ಕತ್ತ, ಬೊಂಬಾಯಿ ನಗರಗಳು ಸ್ವಾತಂತ್ರ್ಯಾನಂತರವೂ ಕೆಲಕಾಲ ತಮ್ಮದೇ ವೇಳೆ ಉಳಿಸಿಕೊಂಡಿದ್ದವು. ದೇಶದ ಹರವು ಸುಮಾರು 29° ಇರುವುದರಿಂದ ಅರುಣಾಚಲದಲ್ಲಿ ಗುಜರಾತಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ ಬೆಳಗಾಗುತ್ತದೆ. ಒಂದೇ ವೇಳೆ ರೈಲು, ಆಡಳಿತಗಳಿಗೆ ಅನುಕೂಲ. ಈಶಾನ್ಯದವರಿಗೆ ಮಾತ್ರ ಹಗಲಿನ ಬೆಳಕು ಪೋಲಾಗುತ್ತದೆ, ಅವರ ದೂರು ನ್ಯಾಯವಾದದ್ದೇ. ಅಸ್ಸಾಮಿನ ಚಹಾ ತೋಟಗಳು ಇಂದಿಗೂ ಒಂದು ಗಂಟೆ ಮುಂದಿನ ‘ಬಾಗಾನ್ ಸಮಯ’ ಪಾಲಿಸುತ್ತವೆ. ಇತ್ತ ಪಶ್ಚಿಮದ ಮಂಗಳೂರಿನಲ್ಲಿ ಸೂರ್ಯ ನಡುಬಾನಿಗೆ ಬರುವುದು ಸರಾಸರಿ ಹನ್ನೆರಡೂವರೆಗೆ.