ಅಂಗೈಯಲ್ಲಿರುವ ಗಾಜಿನ ಕಥೆ

ಕೈಯಲ್ಲಿದ್ದ ಮೊಬೈಲು ಜಾರಿ ನೆಲಕ್ಕೆ ಬಿದ್ದಾಗ ನಿಮ್ಮ ಎದೆ ಒಮ್ಮೆ ಧಸಕ್ಕೆಂದಿರಬೇಕು. ಎತ್ತಿಕೊಂಡು ತಿರುಗಿಸಿ ನೋಡುತ್ತೀರಿ. ಗಾಜಿಗೆ ಏನೂ ಆಗಿಲ್ಲ. ಅಷ್ಟೇ ಎತ್ತರದಿಂದ ಬಿದ್ದ ಗಾಜಿನ ಲೋಟ ಚೂರುಚೂರಾಗುತ್ತದೆ. ಅದೂ ಗಾಜು, ಇದೂ ಗಾಜು. ಹಾಗಾದರೆ ಇದಕ್ಕೆ ಈ ಗಟ್ಟಿತನ ಬಂದುದೆಲ್ಲಿಂದ? ಅದನ್ನು ತಿಳಿಯಲು ನಾವು ಸುಮಾರು ಎಪ್ಪತ್ತು ವರ್ಷಗಳಷ್ಟು ಹಿಂದಕ್ಕೆ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕಾರ್ನಿಂಗ್ ಎಂಬ ಸಣ್ಣ ಪಟ್ಟಣಕ್ಕೆ ಹೋಗಬೇಕು. ಊರಿನ ಹೆಸರನ್ನೇ ಹೊತ್ತ ಗಾಜಿನ ಕಾರ್ಖಾನೆಯೊಂದು ಅಲ್ಲಿ 1868ರಿಂದಲೂ ನಡೆದುಬಂದಿದೆ.

1950ರ ದಶಕದ ಮೊದಲಲ್ಲಿ ಅಲ್ಲಿನ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡೊಂದನ್ನು 600 ಡಿಗ್ರಿ ಶಾಖದಲ್ಲಿ ಕಾಯಿಸಲು ಕುಲುಮೆಗಿಟ್ಟರು. ಕುಲುಮೆ ಕೆಟ್ಟು ಶಾಖ 900 ಡಿಗ್ರಿಗೆ ಏರಿತು. ಗಾಜು ಕರಗಿ ಕುಲುಮೆಯನ್ನೂ ಹಾಳುಮಾಡಿತೆಂದು ಅವರು ಬಗೆದರೆ, ಒಳಗಿದ್ದುದು ಹಾಲಿನಂತೆ ಬೆಳ್ಳಗಾದ ಗಟ್ಟಿ ತುಂಡು! ಅದು ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದು, ಒಡೆಯದೆ ಪುಟಿಯಿತು. ಮುಂದೆ ಅದರಿಂದ ಅಡಿಗೆಯ ಪಾತ್ರೆಗಳಾದವು. ಆದರೆ ಅದರಾಚೆ ಏನೂ ಕಾಣದು. ಪಾರದರ್ಶಕವಾಗಿಯೂ ಇದ್ದು ಗಟ್ಟಿಯಾಗಿಯೂ ಇರುವ ಗಾಜು ಬೇಡವೆ? ಆ ಹುಡುಕಾಟದ ಫಲವಾಗಿ 1962ರಲ್ಲಿ 'ಕೆಮ್‌ಕಾರ್' ಎಂಬ ಗಾಜು ಹೊರಬಂದಿತು.

ಅದರ ಗುಟ್ಟು ಸರಳವಾದುದು. ಜಾತ್ರೆಗೆ ಹೊರಟ ಬಸ್ಸನ್ನು ನೆನೆಯಿರಿ. ಸೀಟುಗಳಲ್ಲಿ ಕುಳಿತ ಮಕ್ಕಳೆಲ್ಲ ಇಳಿದು, ಅಷ್ಟೇ ಜಾಗಗಳಲ್ಲಿ ದಪ್ಪನೆಯ ದೊಡ್ಡವರು ಕುಳಿತರೆ ಏನಾದೀತು? ಒಬ್ಬರನ್ನೊಬ್ಬರು ಒತ್ತಿಕೊಂಡು, ನಡುವೆ ಸೂಜಿ ತೂರಿಸಲೂ ಎಡೆಯಿರದು. ಬಿಸಿಯಾದ ಪೊಟ್ಯಾಸಿಯಂ ಲವಣದ ದ್ರವದಲ್ಲಿ ಗಾಜನ್ನು ಮುಳುಗಿಸಿದಾಗ ಆಗುವುದೂ ಇದೇ. ಮೇಲ್ಪದರದ ಸಣ್ಣ ಸೋಡಿಯಂ ಕಣಗಳು ಹೊರಹೋಗಿ ದೊಡ್ಡ ಪೊಟ್ಯಾಸಿಯಂ ಕಣಗಳು ಅಲ್ಲಿ ಸೇರುತ್ತವೆ. ಮೇಲ್ಮೈ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಬಿರುಕು ಬೆಳೆಯಬೇಕಾದರೆ ಮೊದಲು ಈ ಒತ್ತಡವನ್ನು ಗೆಲ್ಲಬೇಕು.

ಇಷ್ಟು ಒಳ್ಳೆಯ ಗಾಜಿಗೆ ಹೆಚ್ಚು ಗಿರಾಕಿಗಳು ಸಿಗಲಿಲ್ಲವೆಂದರೆ ನೀವು ನಂಬುವಿರಾ? ಮೋಟಾರು ಕಾರಿನ ಮುಂಗಾಜಿಗೆ ಇದು ತಕ್ಕುದೆಂದು ಕಂಪೆನಿ ಬಹಳ ಹಣ ಸುರಿಯಿತು. ಪರೀಕ್ಷಿಸಿ ನೋಡಿದಾಗ ಗಾಜೇನೋ ಉಳಿಯುತ್ತಿತ್ತು. ಅದಕ್ಕೆ ಬಡಿದ ತಲೆ ಉಳಿಯುವಂತಿರಲಿಲ್ಲ. ಅಪಘಾತದಲ್ಲಿ ಮುಂಗಾಜು ಒಡೆದು ಬಿಟ್ಟುಕೊಡುವುದೇ ಕ್ಷೇಮ. ಒಂದೆಡೆ ಗುಣವೆನಿಸಿದುದು ಇನ್ನೊಂದೆಡೆ ದೋಷವಾಯಿತು. 1971ರಲ್ಲಿ ಆ ಕೆಲಸವನ್ನು ಕೈಬಿಟ್ಟರು. ಪಾಕದ ವಿವರ ಕಡತದಲ್ಲಿ ಉಳಿಯಿತು.

ಮೂರೂವರೆ ದಶಕಗಳು ಕಳೆದವು. 2007ರ ಜನವರಿಯಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಐಫೋನನ್ನು ಜಗತ್ತಿಗೆ ತೋರಿಸಿದಾಗ ಅದರ ಮುಖ ಪ್ಲಾಸ್ಟಿಕ್ಕಿನದು. ಜೇಬಿನಲ್ಲಿ ಬೀಗದ ಕೈಗಳ ಜೊತೆಯಿದ್ದು ಅದು ಗೀರುಬಿದ್ದಿತು. ಗಾಜೇ ಬೇಕೆಂದು ಅವರು ಕಾರ್ನಿಂಗಿನ ಮುಖ್ಯಸ್ಥ ವೆಂಡೆಲ್ ವೀಕ್ಸ್ ಅವರನ್ನು ಕೇಳಿದರು. ಹಳೆಯ ವಿದ್ಯೆ ಕೈಯಲ್ಲಿತ್ತು. ಅಂಥ ಗಾಜನ್ನು ತಯಾರಿಸುವ ಕುಲುಮೆ ಮಾತ್ರ ಒಂದೂ ಇರಲಿಲ್ಲ. ಕೆಂಟಕಿ ಸಂಸ್ಥಾನದ ಹ್ಯಾರಡ್ಸ್‌ಬರ್ಗ್ ಕಾರ್ಖಾನೆಯನ್ನು ಕೆಲವೇ ತಿಂಗಳಲ್ಲಿ ಈ ಕೆಲಸಕ್ಕೆ ಒಗ್ಗಿಸಿದರು. ಜೂನ್ 29ರಂದು ಐಫೋನು ಅಂಗಡಿಗೆ ಬಂದಾಗ ಅದರ ಮುಖಕ್ಕೆ ಗಾಜಿತ್ತು. 'ಗೊರಿಲ್ಲಾ ಗ್ಲಾಸ್' ಎಂಬ ಹೆಸರಿನಲ್ಲಿ ಅದು ಆಮೇಲೆ ಬೇರೆ ಕಂಪೆನಿಗಳ ಮೊಬೈಲು, ಟ್ಯಾಬ್ಲೆಟ್‌ಗಳಿಗೂ ಹಬ್ಬಿತು.

ಆದರೆ ಒಡೆಯದ ಗಾಜೆಂಬುದು ಇನ್ನೂ ಹುಟ್ಟಿಲ್ಲ. ಬಿಗಿಯಾದ ಆ ಪದರ ಕೂದಲೆಳೆಯ ದಪ್ಪದ ಲೆಕ್ಕದ್ದು. ಗೀರು ಅದನ್ನು ದಾಟಿ ಒಳಗಿಳಿಯಿತೆಂದರೆ ಮುಂದಿನ ಬೀಳಿನಲ್ಲಿ ಗಾಜು ಸೀಳುತ್ತದೆ. ಬೀಗದ ಕೈಗೆ ಸಾಮಾನ್ಯವಾಗಿ ಅಂಥ ಗೀರು ಎಳೆಯುವ ಶಕ್ತಿಯಿಲ್ಲ; ಮರಳಿನ ಹರಳಿಗಿದೆ, ಏಕೆಂದರೆ ಅದು ಈ ಗಾಜಿಗಿಂತಲೂ ಕಠಿಣವಾದುದು. ಗಾಜು ಹುಟ್ಟಿದುದೇ ಮರಳಿನಿಂದ. ಅದಕ್ಕೆ ಅಪಾಯವಿರುವುದೂ ಮರಳಿನಿಂದಲೇ. ಆದುದರಿಂದ ಹೊಳೆಯ ದಂಡೆಯಿಂದಲೋ ಧೂಳಿನ ದಾರಿಯಿಂದಲೋ ಮನೆಗೆ ಬಂದಾಗ, ಮೊಬೈಲನ್ನು ಸೆರಗಿನಿಂದ ಉಜ್ಜುವ ಮೊದಲು ಮರಳನ್ನು ಊದಿ ಕೊಡವಿ. ಅದರ ಬಾಳಿಕೆಯ ಒಂದು ಪಾಲು ನಿಮ್ಮ ಕೈಯಲ್ಲೇ ಇದೆ.