ಎರೆಭೂತ: ಮರ ನೆಟ್ಟರೆ ಉಳಿಯದ ಹಕ್ಕಿ

ರಾವಂದೂರು: ನವಿಲು, ಗೌಜಲ ಹಕ್ಕಿ ನಮ್ಮ ಹೊಲಗಳಲ್ಲಿ ಕಾಣ್ತವೆ. ಇವುಗಳ ಹಾಗೇ ನೆಲದ ಮೇಲೆ ಮೇಯ್ದು, ನೆಲದಲ್ಲೇ ಮೊಟ್ಟೆ ಇಡುವ ದೊಡ್ಡ ಹಕ್ಕಿಯೊಂದು ರಾಜ್ಯದಲ್ಲಿ ಅಳಿವಿನ ಅಂಚಿಗೆ ಬಂದಿದೆ. ಅದೇ ಎರೆಭೂತ. ಇಂಗ್ಲಿಷ್ ಹೆಸರು ಗ್ರೇಟ್ ಇಂಡಿಯನ್ ಬಸ್ಟರ್ಡ್.

ಗುರುತು: ಸುಮಾರು 1 ಮೀಟರ್ ಎತ್ತರ. ಗಂಡು 15 ಕೆ.ಜಿ. ತನಕ ತೂಗುತ್ತೆ. ಕಂದು ಮೈ, ಬಿಳಿ ಕುತ್ತಿಗೆ, ನೆತ್ತಿ ಕಪ್ಪು. ಮಿಡತೆ, ಓತಿಕ್ಯಾತ, ಕಾಳು, ಹಣ್ಣು ತಿನ್ನುತ್ತೆ.

ಎಲ್ಲಿದೆ: ದೇಶದಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ ಅಂತ ಅಂದಾಜು. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ ಇವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಹಾವೇರಿ ಜಿಲ್ಲೆ ರಾಣೆಬೆನ್ನೂರಿನಲ್ಲೂ ಹಿಂದೆ ಇತ್ತು. ಅಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯ್ತು. ಆದರೆ ಬಯಲಲ್ಲಿ ನೀಲಗಿರಿ ನೆಡುತೋಪು ಬೆಳೆದು, ಹುಲ್ಲುಗಾವಲು ಕಮ್ಮಿ ಆಯ್ತು.

ಯಾಕೆ ಕಮ್ಮಿ ಆಯ್ತು: ಬೇಟೆ ಒಂದು ಕಾರಣ. ಜೊತೆಗೆ ಈ ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತೆ, ಅದನ್ನೂ ಬೀದಿನಾಯಿ, ನರಿ ತಿಂದು ಹಾಕ್ತವೆ. ಎದುರಿಗಿರುವುದು ಸರಿಯಾಗಿ ಕಾಣದ ಕಾರಣ ವಿದ್ಯುತ್ ತಂತಿಗೆ ಡಿಕ್ಕಿ ಹೊಡೆದು ಸಾಯುತ್ತೆ. ಎಲ್ಲಕ್ಕಿಂತ ದೊಡ್ಡದು, ಹುಲ್ಲುಗಾವಲನ್ನು 'ಬೀಳು ಜಮೀನು' ಅಂತ ಲೆಕ್ಕ ಹಾಕಿದ್ದು. ಬಯಲಲ್ಲಿ ಮರ ಬೆಳೆದರೆ ಈ ಹಕ್ಕಿಗೆ ಜಾಗವೇ ಇಲ್ಲ.

ರಕ್ಷಣೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ ಜೈಲು. 2011ರಿಂದ ಐಯುಸಿಎನ್ ಇದನ್ನು ತೀವ್ರ ಅಪಾಯದಲ್ಲಿರುವ ಹಕ್ಕಿ ಎಂದು ಗುರುತಿಸಿದೆ. 2019ರಿಂದ ಜೈಸಲ್ಮೇರ್ ಬಳಿ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ರಾಜಸ್ಥಾನ ಅರಣ್ಯ ಇಲಾಖೆ ಮೊಟ್ಟೆಗಳನ್ನು ಸಂಗ್ರಹಿಸಿ ಮರಿ ಮಾಡಿಸುತ್ತಿವೆ. ತಂತಿ ವಿಚಾರ ಸುಪ್ರೀಂ ಕೋರ್ಟಿಗೂ ಹೋಗಿ, 2021ರಲ್ಲಿ ಆದೇಶ ಬಂತು. 2024ರಲ್ಲಿ ಕೋರ್ಟ್ ಅದನ್ನು ಬದಲಿಸಿ ತಜ್ಞರ ಸಮಿತಿ ಮಾಡಿತು.

ನಮಗೇನು ಸಂಬಂಧ: ನಮ್ಮ ಕಡೆ ಎರೆಭೂತ ಇಲ್ಲ ನಿಜ. ಆದರೆ ನವಿಲು, ಗೌಜಲ ಕೂಡ ಪೊದೆ, ಹುಲ್ಲಿನ ಮರೆಯಲ್ಲಿ ನೆಲದಲ್ಲೇ ಗೂಡು ಮಾಡ್ತವೆ. ಉರುಳು ಹಾಕಿ ಹಿಡಿಯುವುದು, ಮಾರುವುದು, ಕೊಳ್ಳುವುದು ಮೂರೂ ಅಪರಾಧ. ಉಳುವಾಗ, ಬದು ಸವರುವಾಗ ಮೊಟ್ಟೆ ಕಂಡರೆ ಮುಟ್ಟದೆ ಸುತ್ತ ನಾಲ್ಕು ಹೆಜ್ಜೆ ಬಿಟ್ಟುಬಿಡಿ. ಗೋಮಾಳದ ಹುಲ್ಲಿಗೆ ಬೆಂಕಿ ಹಾಕಬೇಡಿ. ಯಾರಾದ್ರೂ ಹಕ್ಕಿ ಮಾರಲು ತಂದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.